ಕುಣಿಯದ ಹನಿ

ಅಂದು ಬೆಳಿಗ್ಗೆ ಮಂಜು ಊರಿನ ಮೇಲೆ ಒದ್ದೆ ಕಂಬಳಿಯ ಹಾಗೆ ಬಿದ್ದುಕೊಂಡಿತ್ತು. ಎಂಟು ಗಂಟೆಯಾದರೂ ಬೀದಿದೀಪ ಆರಿರಲಿಲ್ಲ. ಆರಿಸುವವನಿಗೂ ಬೆಳಗಾದದ್ದು ತಿಳಿದಿರಲಿಕ್ಕಿಲ್ಲ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ನಮ್ಮ ಕೋಣೆ. ಅದಕ್ಕಿರುವುದು ಒಂದೇ ಕಿಟಕಿ, ಅದೂ ಸೂರಿಗೆ ತಾಗಿದಂತೆ, ಗೇಣಗಲದ್ದು. ಅದರಲ್ಲಿ ಕಾಣುವುದು ಬೀದಿಯಲ್ಲಿ ಹೋಗುವವರ ಕಾಲು ಮಾತ್ರ. ಹದಿಮೂರು ವರ್ಷದಿಂದ ನಾನು ಈ ಊರಿನ ಅರ್ಧ ಜನರನ್ನು ಚಪ್ಪಲಿಯಿಂದಲೇ ಬಲ್ಲೆ. ಅಂದು ಕಾಲುಗಳೂ ಇರಲಿಲ್ಲ. ಗಾಜಿನಾಚೆ ಬರೀ ಬಿಳುಪು.

ಮಂಜಿಗೆ ದೊಡ್ಡಪ್ಪನ ಕೆಮ್ಮು ಕೆರಳಿತ್ತು. “ನೀನು ನಡಿ ಪುಟ್ಟಿ, ಬಿಸಿಲು ಮೂಡಲಿ, ಬರ್ತೀನಿ” ಎಂದಿದ್ದರು. ನನಗೆ ಮೂವತ್ತೇಳಾದರೂ ಅವರಿಗೆ ನಾನು ಪುಟ್ಟಿಯೇ. ಅಪ್ಪನ ಅಣ್ಣ ಅವರು. ಏಳು ವರ್ಷಕ್ಕೆ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಮನೆಗೆ ತಂದರು. ನನಗಾಗಿ ಮದುವೆಯ ಮಾತನ್ನೇ ಕೈಬಿಟ್ಟರು. ಕೊನೆಗೆ ತಮ್ಮ ವಿದ್ಯೆಯನ್ನೇ ನನಗೂ ಕಲಿಸಿ ಪಕ್ಕದಲ್ಲಿ ನಿಲ್ಲಿಸಿಕೊಂಡರು. ಫಿಸಿಯೋಥೆರಪಿ ಎಂಬ ಹೆಸರು ಜನರ ಬಾಯಿಗೆ ಬಾರದ ಕಾಲದಿಂದ ಅವರು ಈ ಕೆಲಸದಲ್ಲಿದ್ದಾರೆ. ಆಸ್ಪತ್ರೆಯಲ್ಲಿ ಎಲ್ಲರಿಗೂ ಅವರು ಮೇಷ್ಟ್ರು.

ಹಾಗಾಗಿ ಆ ದಿನ ಹನಿಯ ಪರೀಕ್ಷೆ ನನ್ನ ಪಾಲಿಗೆ ಬಂತು.

ನಮ್ಮ ಅಲ್ಟ್ರಾಸೌಂಡ್ ಯಂತ್ರ ಹೊಟ್ಟೆಯೊಳಗಿನ ಕೂಸನ್ನು ತೋರಿಸುವಂಥದ್ದಲ್ಲ. ಅದು ಚಿತ್ರ ತೋರಿಸದು. ಕಿವಿಗೆ ಕೇಳಿಸದ ಶಬ್ದವನ್ನು ಮೈಯೊಳಗೆ ಕಳಿಸುತ್ತದೆ, ಅಷ್ಟೆ. ಕೈಯಲ್ಲಿ ಹಿಡಿದು ಮೈಮೇಲೆ ಸುತ್ತಿಸುವ ಅದರ ತುದಿಗೆ ನಾವು ತಲೆ ಎನ್ನುತ್ತೇವೆ. ಮಂಡಿ, ಸೊಂಟ, ಭುಜಕ್ಕೆ ದೊಡ್ಡ ತಲೆ. ಹೋದ ವರ್ಷ ಸರ್ಜನ್ ಹೇಳಿ ಚಿಕ್ಕದೊಂದು ತಲೆ ತರಿಸಿದ್ದರು, ನಾಣ್ಯದಗಲದ್ದು, ಗಾಯಗೊಂಡ ನರಗಳಿಗೆಂದೇ. ಸಣ್ಣ ಶಕ್ತಿಯಲ್ಲಿ, ಬಿಟ್ಟುಬಿಟ್ಟು, ದಿನಕ್ಕೆ ಎಂಟು ನಿಮಿಷ ಈ ಶಬ್ದ ಕೊಟ್ಟರೆ ಹೊಲಿದ ನರ ಬೇಗ ಚಿಗುರೀತು ಎಂದು ಕೆಲವರು ಕಂಡಿದ್ದಾರಂತೆ. “ಖಂಡಿತ ಅಂತ ಯಾರಿಗೂ ಹೇಳಬೇಡಿ. ಪ್ರಯತ್ನ ಅಂತ ಹೇಳಿ” ಎಂದು ಸರ್ಜನ್ ಎಚ್ಚರಿಸಿದ್ದರು.

ಇದರಲ್ಲಿ ಒಂದು ತೊಡಕಿದೆ. ಆ ಶಬ್ದ ಕೊಡುವವಳಿಗೆ ಕೇಳಿಸದು, ತೆಗೆದುಕೊಳ್ಳುವವನಿಗೆ ತಿಳಿಯದು. ಬಿಸಿಯಿಲ್ಲ, ನೋವಿಲ್ಲ, ಸದ್ದಿಲ್ಲ. ಹಸಿರು ದೀಪ ಉರಿಯುತ್ತದೆ, ಗಡಿಯಾರ ಇಳಿಯುತ್ತದೆ. ಆದರೆ ತಲೆಯೊಳಗೆ ಶಬ್ದ ಹುಟ್ಟಿಸುವ ಹರಳು ಒಡೆದಿದ್ದರೆ ದೀಪವೂ ಗಡಿಯಾರವೂ ಬರೀ ವೇಷ. ಅದಕ್ಕೇ ಪ್ರತಿ ಬೆಳಿಗ್ಗೆ ಹನಿ. ತಲೆಯನ್ನು ಅಂಗಾತ ಹಿಡಿದು, ಅದರ ಮುಖದ ಮೇಲೆ ಒಂದು ಹನಿ ನೀರು ಬಿಟ್ಟು, ಶಕ್ತಿ ಏರಿಸಬೇಕು. ಒಳಗೆ ಜೀವವಿದ್ದರೆ ಹನಿ ನಡುಗುತ್ತದೆ, ಕುದಿದ ಹಾಗೆ ಕುಣಿಯುತ್ತದೆ, ಸಣ್ಣ ಹೊಗೆಯಾಗಿ ಮೇಲೇಳುತ್ತದೆ. ದೊಡ್ಡಪ್ಪನಿಗೆ ಇದು ಬೆಳಗಿನ ಪ್ರಾರ್ಥನೆ. ಹನಿ ಬಿಡುವ ಮುಂಚೆ ಒಮ್ಮೆ ಕಣ್ಣು ಮುಚ್ಚುವರು, ಕುಣಿದ ಮೇಲೆ ಒಮ್ಮೆ ಕೈ ಮುಗಿಯುವರು. “ದೇವರು ಮಾಡೋ ಕೆಲಸ ಎಲ್ಲಾ ಹೀಗೇ ಕಣೇ, ಸದ್ದಿರಲ್ಲ. ನಮ್ಮಂಥ ಅನುಮಾನದವರಿಗೆ ಒಂದು ಹನಿ ಸಾಕ್ಷಿ ಕೊಡ್ತಾನೆ” ಎನ್ನುವರು. ಆಮೇಲೆ ರಿಜಿಸ್ಟರಿನಲ್ಲಿ ತಾರೀಕು, ಪಕ್ಕದಲ್ಲಿ ಎರಡೇ ಪದ: ‘ಹನಿ ಕುಣಿಯಿತು.’ ಕೆಳಗೆ ಸಹಿ.

ದೊಡ್ಡ ತಲೆಯ ಮೇಲೆ ಹನಿ ಕುಣಿಯಿತು. ಚಿಕ್ಕದರ ಮೇಲೆ ಇಟ್ಟೆ. ಅದು ಎಲೆಯ ಮೇಲಿನ ಇಬ್ಬನಿಯ ಹಾಗೆ ಸುಮ್ಮನೆ ಕೂತಿತು.

ಒರೆಸಿ ಮತ್ತೆ ಇಟ್ಟೆ. ತಂತಿ ಕಳಚಿ ಮತ್ತೆ ಸಿಕ್ಕಿಸಿದೆ. ಶಕ್ತಿಯನ್ನು ಕೊನೆಯ ಗೆರೆಯವರೆಗೆ ಏರಿಸಿದೆ. ಹಸಿರು ದೀಪ ಉರಿಯುತ್ತಲೇ ಇತ್ತು. ಹನಿಯೊಳಗೆ ಟ್ಯೂಬ್‌ಲೈಟು ಒಂದು ಬಿಳಿ ಗೆರೆಯಾಗಿ ಕಾಣುತ್ತಿತ್ತು. ಆ ಗೆರೆಯೂ ಅಲುಗಲಿಲ್ಲ.

ರಿಜಿಸ್ಟರ್ ತೆಗೆದೆ. ನಿನ್ನೆ: ಹನಿ ಕುಣಿಯಿತು. ಮೊನ್ನೆ: ಹನಿ ಕುಣಿಯಿತು. ಅದರ ಹಿಂದಿನ ದಿನವೂ. ಮುತ್ತು ಪೋಣಿಸಿದಂತಿದ್ದ ದೊಡ್ಡಪ್ಪನ ಅಕ್ಷರ ಈಚೆಗೆ ಗೆರೆ ಬಿಟ್ಟು ಮೇಲಕ್ಕೆ ಹತ್ತಿತ್ತು. ಒಂದು ದಿನದ ಸಹಿ ಹಿಂದಿನ ದಿನದ ಸಹಿಯ ಮೇಲೇ ಕೂತಿತ್ತು. ಆಗ ಒಂದೊಂದೇ ನೆನಪಿಗೆ ಬಂತು. ಒಂದು ವರ್ಷದಿಂದ ಅವರು ಪೇಪರನ್ನು ನನ್ನ ಕೈಗೇ ಕೊಡುತ್ತಿದ್ದರು: “ನಿನ್ನ ದನೀಲಿ ಕೇಳಿದ್ರೆ ಕೆಟ್ಟ ಸುದ್ದಿನೂ ಸ್ವಲ್ಪ ಸುಧಾರಿಸುತ್ತೆ.” ಮೆಟ್ಟಿಲಿಳಿಯುವಾಗ ತುಟಿಯಲ್ಲೇ ಏನೋ ಎಣಿಸುತ್ತಿದ್ದರು. ನಾನು ಅದನ್ನು ಜಪ ಎಂದುಕೊಂಡಿದ್ದೆ.

ಆದರೆ ತಪ್ಪನ್ನೆಲ್ಲ ಅವರ ಕಣ್ಣಿನ ಮೇಲೆ ಹೊರಿಸಿ ನಾನು ಪಾರಾಗುವಂತಿರಲಿಲ್ಲ. ಆ ಚಿಕ್ಕ ತಲೆ ಬಿದ್ದದ್ದು ನನ್ನ ಕೈಯಿಂದ. ಮೂರು ವಾರದ ಹಿಂದೆ, ಸಂಜೆ, ಅಂಟಿದ ಜೆಲ್ ಒರೆಸುವಾಗ ಜಾರಿ ನೆಲಕ್ಕೆ ಬಡಿಯಿತು. ಎತ್ತಿ ನೋಡಿದೆ, ಬಿರುಕಿಲ್ಲ, ದೀಪ ಬರುತ್ತಿದೆ. ಬೆಳಿಗ್ಗೆ ಹೇಗೂ ದೊಡ್ಡಪ್ಪ ಹನಿ ಇಟ್ಟು ನೋಡುತ್ತಾರೆ ಎಂದು ಕೊಕ್ಕೆಗೆ ತೂಗಿಹಾಕಿ ಮನೆಗೆ ಹೋದೆ. ಮರುದಿನ ರಿಜಿಸ್ಟರಿನಲ್ಲಿ ‘ಕುಣಿಯಿತು’ ಎಂದು ಕಂಡಾಗ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಬಿದ್ದ ಸಂಗತಿಯನ್ನು ಯಾರಿಗೂ ಹೇಳಲಿಲ್ಲ. ಅವರು ನನ್ನ ಮೇಲೆ ನಂಬಿಕೆಯಿಟ್ಟು ನೋಡದೆ ಬರೆದರು, ನಾನು ಅವರ ಬರಹದ ಮೇಲೆ ನಂಬಿಕೆಯಿಟ್ಟು ಕೇಳದೆ ಉಳಿದೆ. ಇಬ್ಬರು ಒಬ್ಬರಿಗೊಬ್ಬರು ಒರಗಿ ನಿದ್ದೆ ಹೋದ ಕಾವಲುಗಾರರ ಹಾಗೆ.

ಆ ತಲೆಯಿಂದ ಚಿಕಿತ್ಸೆ ಪಡೆಯುತ್ತಿದ್ದವನು ಒಬ್ಬನೇ. ಬೀಗ ರಿಪೇರಿಯವನು. ಪೇಟೆಯ ಮೂಲೆಯಲ್ಲಿ ಅವನದೊಂದು ಗೂಡಂಗಡಿ. ಊರೆಲ್ಲ ಅವನನ್ನು ಬೀಗದಣ್ಣ ಎನ್ನುತ್ತಿತ್ತು. ಐದು ತಿಂಗಳ ಹಿಂದೆ, ಒಳಗಿನಿಂದ ಚಿಲಕ ಬಿದ್ದು ಮಗುವೊಂದು ಸಿಕ್ಕಿಹಾಕಿಕೊಂಡಿದ್ದ ಮನೆಯಲ್ಲಿ ಬಾಗಿಲಿನ ಗಾಜು ಒಡೆದು ಕೈ ತೂರಿಸಿದ್ದ. ಮಗು ಹೊರಗೆ ಬಂತು. ಅವನ ಬಲಗೈ ಮಣಿಕಟ್ಟಿನ ನರ ತುಂಡಾಯಿತು. ಸರ್ಜನ್ ಹೊಲಿದರು. ಅಂದಿನಿಂದ ಹೆಬ್ಬೆರಳು, ತೋರುಬೆರಳು, ನಡುಬೆರಳ ತುದಿ ಸತ್ತ ಹಾಗಿದ್ದವು. ಬೀಗದ ಹೊಟ್ಟೆಯೊಳಗಿನ ಸಣ್ಣ ಕಡ್ಡಿಗಳು ಏರಿದ್ದನ್ನು, ಇಳಿದದ್ದನ್ನು ಬೆರಳ ತುದಿಯಲ್ಲಿ ಕೇಳಿಸಿಕೊಳ್ಳುತ್ತಿದ್ದವನು ಈಗ ಬಿಸಿ ಪಾತ್ರೆ ಹಿಡಿದು, ಚರ್ಮ ಸುಟ್ಟ ವಾಸನೆ ಬಂದಮೇಲೆ ಕೈ ಬಿಡುತ್ತಿದ್ದ.

ಸರ್ಜನ್ ಇಪ್ಪತ್ತನಾಲ್ಕು ಸಿಟ್ಟಿಂಗ್ ಬರೆದಿದ್ದರು. ನಾಲ್ಕು ಮುಗಿದ ಸಂಜೆ ತಲೆ ಬಿದ್ದಿತ್ತು. ಆಮೇಲೆ ಹತ್ತೊಂಬತ್ತು. ಇಂದಿನದು ಕೊನೆಯದು. ನಾಳೆ ಬೆಳಿಗ್ಗೆ ಸರ್ಜನ್ ಕೈ ನೋಡುವವರಿದ್ದರು. ನರ ಅಂಗೈಯ ನಡುಗೆರೆ ದಾಟಿರದಿದ್ದರೆ ಹಳೆಯ ಹೊಲಿಗೆ ಬಿಚ್ಚಿ, ಕಾಲಿನಿಂದ ನರ ತೆಗೆದು ಕಸಿ ಮಾಡುವುದೆಂದು ಹೇಳಿದ್ದರು. ಬಿಚ್ಚಿದರೆ ಇದುವರೆಗೆ ಬೆಳೆದದ್ದೂ ಹೋಗಿ ಮತ್ತೆ ಮೊದಲಿನಿಂದ. ಚಿಕಿತ್ಸೆ ಪೂರ್ತಿ ಕೊಟ್ಟೂ ನರ ಬೆಳೆದಿಲ್ಲ ಎನ್ನುವುದು ಒಂದು ಮಾತು. ಚಿಕಿತ್ಸೆಯೇ ಸಿಕ್ಕಿಲ್ಲ ಎನ್ನುವುದು ಬೇರೆ ಮಾತು. ಯಾವ ಮಾತು ನಾಳೆ ಆ ಮೇಜಿನ ಮೇಲೆ ಬೀಳುತ್ತದೆಯೋ ಅದರ ಮೇಲೆ ಅವನ ಕೈ ನಿಂತಿತ್ತು.

ಒಂಬತ್ತೂವರೆಗೆ ಬಂದ. ಮಫ್ಲರಿನ ತುಂಬ ಮಂಜಿನ ಹನಿ.

“ದಾರೀಲಿ ಒಬ್ಬರಿಗೆ ನಮಸ್ಕಾರ ಹಾಕ್ದೆ ತಂಗಿ. ಹತ್ರ ಹೋದ್ರೆ ಕರೆಂಟ್ ಕಂಬ.”

“ಕಂಬ ಏನಂತು?” ಎಂದೆ. ನನ್ನ ಬಾಯಿ ತನ್ನಷ್ಟಕ್ಕೆ ಮಾತಾಡುತ್ತಿತ್ತು.

“ಏನೂ ಅನ್ಲಿಲ್ಲ. ನಮ್ಮ ಭಾವನ ಹಾಗೆ, ನಿಂತಲ್ಲೇ ನಿಂತಿತ್ತು.”

ಮಣಿಕಟ್ಟಿನಿಂದ ಬೆರಳಿನ ಕಡೆಗೆ ಮೆಲ್ಲಗೆ ತಟ್ಟುತ್ತ ಹೋದೆ. ಬೆಳೆಯುವ ನರದ ತುದಿಯನ್ನು ತಟ್ಟಿದರೆ ಜುಮ್ಮೆನ್ನುತ್ತದೆ; ಎಲ್ಲಿ ಜುಮ್ಮೆನ್ನುತ್ತದೋ ಅಲ್ಲಿಯವರೆಗೆ ನರ ಬಂದಿದೆ ಎಂದು ಲೆಕ್ಕ. ಕತ್ತಲ ಓಣಿಯಲ್ಲಿ ಗೋಡೆ ತಡವುತ್ತ ಬರುವವನ ಹೆಜ್ಜೆ ಕೇಳಿದಂತೆ.

“ಇಲ್ಲಿ?”

“ಹ್ಞೂಂ, ಜುಮ್ ಅಂತು.”

“ಇಲ್ಲಿ?”

“ಇಲ್ಲ.”

ನಡುಗೆರೆಗೆ ಇನ್ನೂ ಒಂದು ಬೆರಳಗಲ ಇತ್ತು. ಅವನೂ ನೋಡಿದ.

“ನಾಳೆ ಕುಯ್ತಾರಾ ತಂಗಿ?”

“ನೋಡೋಣ ಅಣ್ಣ.”

“ನೋಡೋಣ ಅಂದ್ರೆ ಕುಯ್ತಾರೆ ಅಂತ. ನನ್ನ ಹೆಂಡ್ತಿ ಏನಂತಾಳೆ ಗೊತ್ತಾ? ಊರಿನ ಬೀಗ ಎಲ್ಲಾ ತೆಗೆದೋನ ಕೈಗೇ ದೇವರು ಬೀಗ ಜಡಿದ, ಕೀಲಿ ತಗೊಂಡು ಮಲಗಿಬಿಟ್ಟ ಅಂತ. ಈಗ ಅವಳೇ ಕೀಲಿಗೆ ಅರ ಹಾಕ್ತಾಳೆ, ನಾನು ಪಕ್ಕದಲ್ಲಿ ಕೂತು ಬುದ್ಧಿ ಹೇಳ್ತೀನಿ. ಬುದ್ಧಿ ಹೇಳೋಕೆ ಬೆರಳು ಬೇಡ ನೋಡು.” ನಕ್ಕ. ನಗು ಬೇಗ ಇಳಿಯಿತು. “ನೀನು ಒಂದ್ಮಾತು ಹೇಳು ತಂಗಿ. ಇನ್ನಷ್ಟು ದಿನ ಕಾಯೋಣ ಅನ್ನು. ನಿನ್ನ ಮಾತು ಅವ್ರು ಕೇಳ್ತಾರೆ.”

ಇವತ್ತು ಯಂತ್ರ ಕೆಟ್ಟಿದೆ ಎಂದು ಆಗ ಹೇಳಬಹುದಿತ್ತು. ಹೇಳಿದರೆ ‘ಎಂದಿನಿಂದ’ ಎಂದು ಕೇಳುತ್ತಾನೆ. ‘ಎಂದಿನಿಂದ’ ಎನ್ನುವುದು ಸಣ್ಣ ಮಾತು. ಅದರ ಹಿಂದೆ ದೊಡ್ಡಪ್ಪ ಇಡಿಯಾಗಿ ನಿಂತಿದ್ದರು. ಮೊದಲು ಅವರ ಹತ್ತಿರ ಮಾತಾಡಿ ಆಮೇಲೆ, ಎಂದು ಮನಸ್ಸಿಗೆ ಸಮಾಧಾನ ಹೇಳಿದೆ. ಜೆಲ್ ಹಚ್ಚಿದೆ. ಗಡಿಯಾರಕ್ಕೆ ಎಂಟು ನಿಮಿಷ ಇಟ್ಟೆ. ಸತ್ತ ತಲೆಯನ್ನು ಅವನ ಮಣಿಕಟ್ಟಿನ ಮೇಲಿಟ್ಟು ಸುತ್ತು ಹಾಕತೊಡಗಿದೆ.

ಅದುವರೆಗಿನ ಹತ್ತೊಂಬತ್ತು ನನಗೆ ತಿಳಿಯದೆ ಆದದ್ದು. ಇದು ತಿಳಿದು. ಆ ಎಂಟು ನಿಮಿಷದಲ್ಲಿ ಕೋಣೆಯ ನಾಲ್ಕು ಗೋಡೆ ಒಂದೊಂದು ಹೆಜ್ಜೆ ಹತ್ತಿರ ಬಂದು ನಿಂತವು. ಕೈ ತಾನಾಗಿ ಸುತ್ತುತ್ತಿತ್ತು, ಗಾಣದೆತ್ತಿನ ಹಾಗೆ.

ಅವನು ಎಂದಿನಂತೆ ಕಥೆ ಹೇಳುತ್ತಿದ್ದ. “ಒಬ್ಬಳು ಅಜ್ಜಿ. ಕೋಣೇಲಿ ತಾನೇ ಸಿಕ್ಕಾಕೊಂಡಳು. ಒಳಗಡೆಯಿಂದ ಕೀಲಿ ಹಾಕಿ ತಿರುಗಿಸ್ತಾನೇ ಇದ್ದಾಳೆ, ತಿರುಗ್ತಿಲ್ಲ. ಹೊರಗಡೆಯಿಂದ ನಾನು ಹೋದೆ. ನನ್ನ ಕಡ್ಡಿ ಒಳಗೆ ಹೋಗ್ತಿಲ್ಲ. ಯಾಕೆ ಹೇಳು?”

“ಯಾಕೆ?”

“ಅವಳ ಕೀಲಿ ಅಲ್ಲೇ ಇದೆಯಲ್ಲ. ಅಜ್ಜಿ, ನಿಮ್ಮ ಕೀಲಿ ತೆಗೀರಿ ಅಂದೆ. ತೆಗೆದ್ರೆ ನಾನು ಹೆಂಗೆ ಹೊರಗೆ ಬರ್ಲಿ ಅಂತಾಳೆ. ಒಂದು ಗಂಟೆ ಬೇಡಿಕೊಂಡೆ ತಂಗಿ. ಒಂದು ಗಂಟೆ. ಬಾಗಿಲಿಗಿಂತ ಅವಳ ಮುಷ್ಟಿ ಗಟ್ಟಿ.”

ಗಡಿಯಾರ ನಿಂತಿತು. ಜೆಲ್ ಒರೆಸಿದೆ. ಅವನು ಎಡಗೈಯಿಂದ ಮಫ್ಲರ್ ಸುತ್ತಿಕೊಂಡು, “ನಾಳೆ ದೇವರಿದ್ದಾನೆ” ಎಂದು ಮೆಟ್ಟಿಲು ಹತ್ತಿದ. ನಾನು ಫೈಲಿನಲ್ಲಿ ಇಪ್ಪತ್ತನಾಲ್ಕು ಎಂದು ಬರೆದೆ.

ಚಿಕ್ಕಂದಿನಲ್ಲಿ ನೆರೆಮನೆಯ ಅಜ್ಜಿಯೊಬ್ಬಳು ನಮಗೆ ಒಂದು ಕಥೆ ಹೇಳುತ್ತಿದ್ದಳು. ಒಂದೂರಲ್ಲಿ ಒಬ್ಬ ಸೊಸೆಯ ಕೈಯಿಂದ ಕೊಡ ಬಾವಿಗೆ ಬಿತ್ತು. ಅತ್ತೆಗೆ ಹೆದರಿ, ಹಗ್ಗ ಕಡಿಯಿತು ಎಂದಳು. ಯಾರು ಕಡಿದರು ಎಂದರೆ ಇಲಿ ಎಂದಳು. ಇಲಿಯ ಬಿಲ ಹುಡುಕಲು ನೆಲ ಅಗೆದರು. ನೆಲ ಅಗೆದದ್ದಕ್ಕೆ ಗೋಡೆ ಕುಸಿಯಿತು. ಮನೆ ಹೋಯಿತು, ಕೊಡ ಮಾತ್ರ ಬಾವಿಯೊಳಗೆ ಭದ್ರವಾಗಿತ್ತು. ಆ ಕಥೆಗೆ ನಾವು ಮಕ್ಕಳೆಲ್ಲ ಬಿದ್ದು ಬಿದ್ದು ನಗುತ್ತಿದ್ದೆವು. ಸೊಸೆಯ ಮುಖ ಹೇಗಿದ್ದಿರಬೇಕೆಂದು ಯಾರೂ ಕೇಳಿರಲಿಲ್ಲ.

ಹನ್ನೊಂದಕ್ಕೆ ದೊಡ್ಡಪ್ಪ ಬಂದರು. ಗೋಡೆಗೆ ಬೆರಳು ತಾಗಿಸಿಕೊಂಡು ಬಂದದ್ದನ್ನು ಅಂದು ಮೊದಲ ಬಾರಿ ಗಮನಿಸಿದೆ. ನಾನು ಚಿಕ್ಕ ತಲೆಯ ಮೇಲೆ ಒಂದು ಹನಿ ಇಟ್ಟು ಅವರ ಮುಂದೆ ಹಿಡಿದೆ.

“ನೋಡಿ ದೊಡ್ಡಪ್ಪ.”

ಬಗ್ಗಿದರು. ಬಹಳ ಹೊತ್ತು ಬಗ್ಗಿದರು. “ಕುಣೀತಿದೆಯಲ್ಲ” ಎಂದರು.

ನಾನು ಸ್ವಿಚ್ಚೇ ಒತ್ತಿರಲಿಲ್ಲ.

ಸಾಕಿದವರಿಗೆ ಹಾಗೆ ಬಲೆ ಒಡ್ಡಿದ್ದಕ್ಕೆ ಆ ಕ್ಷಣವೇ ನಾಚಿದೆ. ನನ್ನ ಮೌನದಿಂದಲೇ ಅವರಿಗೆ ತಿಳಿಯಿತು. ಕುರ್ಚಿ ತಡವಿ ಕುಳಿತರು. ಜೇಬಿನಿಂದ ಪುಟ್ಟ ಬಾಟಲಿ ತೆಗೆದರು. ಧೂಳಿಗೆಂದು ಕಣ್ಣಿಗೆ ಬಿಟ್ಟುಕೊಳ್ಳುತ್ತಿದ್ದ ಔಷಧಿ.

“ಧೂಳಲ್ಲ ಪುಟ್ಟಿ. ಕಣ್ಣೊಳಗೆ ಒತ್ತಡವಂತೆ. ನರ ಸಾಯ್ತಿದೆ. ಮೊದಲು ಕೊಳವೆಯೊಳಗಿಂದ ನೋಡಿದ ಹಾಗಿತ್ತು, ಈಗ ಕೊಳವೆಯೊಳಗೂ ಮಂಜು.”

“ನನಗೆ ಯಾಕೆ ಹೇಳ್ಲಿಲ್ಲ?”

“ಹೇಳಿ? ಕೈ ನರ ಕುಯ್ದ್ರೆ ದಿನಕ್ಕೊಂದು ಕೂದಲೆಳೆಯಷ್ಟಾದ್ರೂ ಬೆಳೆಯುತ್ತೆ. ಕಣ್ಣಿನ ನರ ಬೆಳೆಯಲ್ಲ. ಅದನ್ನ ನಿನಗೆ ಕಲಿಸಿದೋನೇ ನಾನು. ಗೊತ್ತಿದ್ದೋನಿಗೆ ಯಾರ ಸಮಾಧಾನ ಹತ್ತುತ್ತೆ?” ಕೆಮ್ಮಿದರು. “ಮೂವತ್ತನಾಲ್ಕು ವರ್ಷ ಆ ಹನಿ ಕುಣೀತು. ಇವತ್ಯಾಕೆ ಕುಣಿಯಲ್ಲ? ಕಾಣದಿದ್ರೂ ಕಂಡ ಹಾಗೇ ಅನ್ನಿಸ್ತಿತ್ತು. ದೇವರಾಣೆ, ಸುಳ್ಳು ಬರೀತಿದ್ದೀನಿ ಅಂತ ಅನ್ನಿಸ್ಲೇ ಇಲ್ಲ.”

ತಲೆ ಬೀಳಿಸಿದ್ದನ್ನು ಆಗ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಬದಲಿಗೆ ದನಿ ತಗ್ಗಿಸಿ, ಎಂದೂ ಆಡದ ಮಾತಾಡಿದರು.

“ಹೊಸ ತಲೆ ತರಿಸೋಣ. ಸುಮ್ಮನಿದ್ದುಬಿಡು. ಯಾರಿಗೂ ಕೇಡಾಗಿಲ್ಲವಲ್ಲ.”

“ನಾಳೆ ಕುಯ್ತಾರೆ ದೊಡ್ಡಪ್ಪ. ಇಪ್ಪತ್ನಾಲ್ಕು ಕೊಟ್ಟೂ ಬರ್ಲಿಲ್ಲ ಅಂತ ಕುಯ್ತಾರೆ.”

ಕಿಟಕಿಯ ಕಡೆಗೆ ತಿರುಗಿ ಕುಳಿತರು. ಮಂಜು ಕರಗಿ ಕಾಲುಗಳು ಓಡಾಡತೊಡಗಿದ್ದವು. ಅವರಿಗೆ ಅವೂ ಕಾಣಿಸುತ್ತಿರಲಿಲ್ಲವೆಂದು ನನಗೆ ಆಗ ಹೊಳೆಯಿತು.

“ಹಾಗಾದ್ರೆ ಹೇಳು. ನೀನು ಬೀಳಿಸಿದ್ದು ಹೇಳು. ನನ್ನ ಕಣ್ಣಿನ ಮಾತು ಮಾತ್ರ ಎತ್ತಬೇಡ. ಈ ಕೋಣೆ ಬಿಟ್ರೆ ನನಗೆ ಇನ್ನೇನಿದೆ ಮಗಾ? ಮನೇಲಿ ಕೂತು ಕತ್ತಲೆ ಎಣಿಸ್ಲಾ?”

ಅವರು ನನ್ನನ್ನು ಬೇಡಿಕೊಂಡದ್ದು ಬದುಕಿನಲ್ಲಿ ಅದೊಂದೇ ಸಲ. ಆಗಲಿ ಎಂದೆ. ಅತ್ತ ದರಿ, ಇತ್ತ ಪುಲಿ. ನಡುವೆ ಕಾಲಿಡುವಷ್ಟು ಜಾಗ ಸಿಕ್ಕಿತೆಂದು ನಂಬಿದೆ. ಆ ಸಂಜೆ ಇಬ್ಬರೂ ನಡೆದು ಮನೆಗೆ ಹೋಗುವಾಗ ಅವರು ನನ್ನ ಹೆಗಲ ಮೇಲೆ ಕೈಯಿಟ್ಟರು. ಏಳು ವರ್ಷದವಳಾಗಿ ನಾನು ಕುಳಿತ ಹೆಗಲಿನ ಕೈ ಅದು. ಎಷ್ಟು ಹಗುರವಾಗಿತ್ತೆಂದರೆ, ಹೊರಲಾರದೆ ಹೊತ್ತೆ.

ಸರ್ಜನ್ ಕೋಣೆ ಚಿಕ್ಕದು. ಒಂದು ಮೇಜು, ಮೂರು ಕುರ್ಚಿ, ಗೋಡೆಯ ಮೇಲೆ ಕೈಯ ನರಗಳ ಚಿತ್ರ. ಬೀಗದಣ್ಣ ಒಗೆದ ಅಂಗಿ ಹಾಕಿಕೊಂಡು ಬಂದಿದ್ದ. ಸರ್ಜನ್ ತಟ್ಟಿ ನೋಡಿದರು, ಫೈಲ್ ತಿರುವಿದರು.

“ಇಪ್ಪತ್ನಾಲ್ಕೂ ಆಗಿದೆ. ಆದ್ರೂ ಗೆರೆ ದಾಟಿಲ್ಲ. ಇನ್ನು ಕಾಯೋದ್ರಲ್ಲಿ ಅರ್ಥ ಇಲ್ಲ. ಸೋಮವಾರ ತೆಗೆದು ನೋಡೋಣ.”

ಬೀಗದಣ್ಣ ನನ್ನ ಮುಖ ನೋಡಿದ. ಕೇಳಿಕೊಳ್ಳುವ ನೋಟವಲ್ಲ; ಹಿರಿಯಣ್ಣ ತಂಗಿಯನ್ನು ನೋಡಿ, ಇರಲಿ ಬಿಡು, ನೀನೇನು ಮಾಡ್ತೀಯ ಎನ್ನುತ್ತಾನಲ್ಲ, ಅಂಥದ್ದು. ಆ ನೋಟವನ್ನು ತಡೆಯಲು ಆಗಲಿಲ್ಲ.

“ಇಪ್ಪತ್ನಾಲ್ಕು ಆಗಿಲ್ಲ ಸರ್. ನಾಲ್ಕು.” ಫೈಲಿನ ಮೇಲೆ ಬೆರಳಿಟ್ಟೆ. “ಐದನೇದರಿಂದ ಆ ತಲೆ ಕೆಲಸ ಮಾಡ್ತಿರಲಿಲ್ಲ. ನನ್ನ ಕೈಯಿಂದ ಬಿದ್ದಿತ್ತು. ನಾನು ಹೇಳಿರಲಿಲ್ಲ.”

ಸರ್ಜನ್ ಕನ್ನಡಕ ತೆಗೆದರು. ರಿಜಿಸ್ಟರ್ ತರಿಸಿದರು. ಪುಟ ತಿರುವುತ್ತ ಅವರ ದನಿ ತಣ್ಣಗಾಗುತ್ತ ಹೋಯಿತು. “ಹಾಗಾದ್ರೆ ಇದೇನು? ದಿನಾ ಕುಣೀತು ಅಂತ ಮೇಷ್ಟ್ರ ಸಹಿ ಇದೆ. ಮೂವತ್ತನಾಲ್ಕು ವರ್ಷ ಅವರ ಸಹಿ ನೋಡಿದ್ದೀವಿ ಇಲ್ಲಿ. ಅವರು ಸುಳ್ಳಾ, ನೀವು ಸುಳ್ಳಾ?”

ಮಾತು ಕೊಟ್ಟಿದ್ದೆ. ಬಾಯಿ ತೆರೆದರೆ ಒಬ್ಬರು, ಮುಚ್ಚಿದರೆ ಇನ್ನೊಬ್ಬರು. ನನ್ನ ಮೌನ ನನ್ನನ್ನೇ ಸುಳ್ಳಿಯಾಗಿಸುತ್ತಿತ್ತು. ನಾನು ಸುಳ್ಳಿಯಾದರೆ ಇಪ್ಪತ್ತನಾಲ್ಕು ನಿಜವಾಗುತ್ತಿತ್ತು. ನಿಜವಾದರೆ ಸೋಮವಾರ ಚಾಕು. ಅದೆಲ್ಲ ಕಣ್ಣೆದುರು ಸಾಲಾಗಿ ಕಂಡಿತು.

“ಅವಳು ಸುಳ್ಳಲ್ಲ ಡಾಕ್ಟ್ರೇ.”

ಬಾಗಿಲಲ್ಲಿ ದೊಡ್ಡಪ್ಪ ನಿಂತಿದ್ದರು. ನೆಲಮಾಳಿಗೆಯಿಂದ ಅಲ್ಲಿಗೆ ನಲವತ್ತೊಂದು ಮೆಟ್ಟಿಲು. ಒಬ್ಬರೇ ಹತ್ತಿ ಬಂದಿದ್ದರು. ಗೋಡೆಯ ಚಿತ್ರದ ಕಡೆಗೆ ಮುಖ ಮಾಡಿದ್ದರೇ ಹೊರತು ಸರ್ಜನ್ ಕೂತ ಕಡೆಗಲ್ಲ.

“ನನಗೆ ಕಣ್ಣು ಕಾಣಲ್ಲ. ಒಂದು ವರ್ಷದಿಂದ. ಹನಿ ಕಾಣದೇನೇ ಬರ್ದೆ.”

ಸರ್ಜನ್ ರಿಜಿಸ್ಟರ್ ಮುಚ್ಚಿದರು. ಅವರೂ ಒಂದು ಕಾಲಕ್ಕೆ ಮೇಷ್ಟ್ರ ಹತ್ತಿರ ಕೈ ತಟ್ಟುವುದನ್ನು ಕಲಿತವರೇ. “ಕೂತ್ಕೊಳ್ಳಿ ಮೇಷ್ಟ್ರೇ” ಎಂದು ಎದ್ದು ತಮ್ಮ ಕುರ್ಚಿ ಕೊಟ್ಟರು. ಆಮೇಲೆ ನಿಂತುಕೊಂಡೇ ಹೇಳಬೇಕಾದ್ದನ್ನು ಹೇಳಿದರು, ಯಾವುದನ್ನೂ ಮಾಫಿ ಮಾಡದೆ. ಆಪರೇಷನ್ ಇಲ್ಲ. ಹೊಸ ತಲೆ ಬರಲಿ, ಇಪ್ಪತ್ತು ಸಿಟ್ಟಿಂಗ್ ಕೊಟ್ಟು ಮತ್ತೆ ನೋಡುವುದು. ನನಗೆ ಲಿಖಿತ ಎಚ್ಚರಿಕೆ. ಮೇಷ್ಟ್ರು ಇನ್ನು ಯಂತ್ರ ಮುಟ್ಟುವಂತಿಲ್ಲ, ಇಂದಿನಿಂದಲೇ. ದೊಡ್ಡಪ್ಪ ಎಲ್ಲಕ್ಕೂ ತಲೆಯಾಡಿಸಿದರು.

ಹೊರಗೆ ಬಂದಾಗ ಬೀಗದಣ್ಣ ಕಾರಿಡಾರಿನ ಬೆಂಚಿನ ಹತ್ತಿರ ನಿಂತಿದ್ದ. ಅವನ ಕೈ ಉಳಿದಿತ್ತು. ಸಂತೋಷದ ಗುರುತು ಮುಖದಲ್ಲಿರಲಿಲ್ಲ.

“ಒಂದು ಕೇಳ್ತೀನಿ. ನಿನ್ನೆ ಬೆಳಿಗ್ಗೆ ಗೊತ್ತಿತ್ತಾ?”

ಇಲ್ಲ ಎನ್ನಲು ಒಂದು ಉಸಿರು ಸಾಕಿತ್ತು.

“ಗೊತ್ತಿತ್ತು.”

“ನಾನು ಕಥೆ ಹೇಳ್ತಾ ಇದ್ದಾಗ?”

“ಆಗಲೂ.”

ಸ್ವಲ್ಪ ಹೊತ್ತು ಮಣಿಕಟ್ಟು ಸವರಿಕೊಂಡ. “ಹತ್ತೊಂಬತ್ತು ಹೋಗ್ಲಿ. ತಿಳೀದೆ ಆದದ್ದಕ್ಕೆ ದೇವರೇ ಲೆಕ್ಕ ಇಡಲ್ವಂತೆ, ನಾನ್ಯಾರು ಇಡೋಕೆ. ನಿನ್ನೇದು ಮಾತ್ರ ಬಿಡಲ್ಲ, ಮೇಡಂ.”

ತಂಗಿ ಎನ್ನುತ್ತಿದ್ದವನು ಮೇಡಂ ಎಂದ. ಬೈಗುಳ ಕೂಡ ಅಷ್ಟು ದೂರ ತಳ್ಳುತ್ತಿರಲಿಲ್ಲ.

ಹೊಸ ತಲೆ ಬರಲು ಹನ್ನೆರಡು ದಿನ ಹಿಡಿಯಿತು. ದೊಡ್ಡಪ್ಪ ಮನೆಯಲ್ಲಿ ಉಳಿದರು. ಮೊದಮೊದಲು ಬಾಗಿಲ ಹೊಸ್ತಿಲಲ್ಲಿ ಕೂತು ನಾನು ಹೋಗುವ ಸದ್ದು, ಬರುವ ಸದ್ದು ಕೇಳುತ್ತಿದ್ದರು; ನಡುವಿನ ಎಂಟು ಗಂಟೆ ಏನು ಮಾಡುತ್ತಿದ್ದರೋ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಒಂದು ಸಂಜೆ ಮಾತ್ರ, “ಇವತ್ತು ಜುಮ್ ಅಂದದ್ದು ಎಲ್ಲಿ?” ಎಂದು ಕೇಳಿದರು. ಅವರ ಅಂಗೈ ಹಿಡಿದು, ನನ್ನ ಬೆರಳಿಂದ ಜಾಗ ತೋರಿಸಿದೆ. ಅಂದಿನಿಂದ ದಿನವೂ ಸಂಜೆ ತಮ್ಮ ಕೈ ಚಾಚಿ ಕಾಯುತ್ತಿದ್ದರು.

ಹೊಸ ತಲೆ ಬಂದ ಮೇಲೆ ಬೀಗದಣ್ಣ ದಿನವೂ ತಪ್ಪದೆ ಬಂದ. ನಾನು ಅವನ ಕಣ್ಣೆದುರೇ ಹನಿ ಇಟ್ಟು ತೋರಿಸುತ್ತಿದ್ದೆ. ನೋಡುತ್ತಿದ್ದ, ತಲೆಯಾಡಿಸುತ್ತಿದ್ದ, ಕೈ ಕೊಡುತ್ತಿದ್ದ. ಕಥೆ ಹೇಳುತ್ತಿರಲಿಲ್ಲ. ಎಂಟು ನಿಮಿಷ ಇಬ್ಬರೂ ಕಿಟಕಿಯ ಕಾಲುಗಳನ್ನು ನೋಡುತ್ತಿದ್ದೆವು. ಒಂಬತ್ತನೆಯ ದಿನ ಜುಮ್ಮು ಗೆರೆಯ ಮೇಲೆ ನಿಂತಿತ್ತು. ಹದಿನಾರನೆಯ ದಿನ ಒಂದು ಅಕ್ಕಿಕಾಳಿನಷ್ಟು ಆಚೆ ಹೋಗಿತ್ತು. ಶಬ್ದದಿಂದ ಹೋಯಿತೋ, ಅದಕ್ಕೇ ಆದ ಸಮಯ ಬಂದು ಹೋಯಿತೋ, ನಾನು ಹೇಳಲಾರೆ. ಸರ್ಜನ್ ಕೂಡ ಹೇಳಲಿಲ್ಲ. ಕುಯ್ಯುವ ಮಾತು ಬಿಟ್ಟರು, ಅಷ್ಟೆ. ತೋರುಬೆರಳ ತುದಿ ಇನ್ನೂ ತಣ್ಣಗೇ ಇತ್ತು. ಅಲ್ಲಿಗೆ ತಲುಪಲು ಇನ್ನೂ ತಿಂಗಳುಗಳು ಬೇಕು. ತಲುಪದೆಯೂ ಇರಬಹುದು.

ಇಪ್ಪತ್ತನೆಯ ದಿನ. ಗಡಿಯಾರ ಇಳಿದು ನಿಂತಿತು. ಫೈಲಿನಲ್ಲಿ ಇಪ್ಪತ್ತು ಎಂದು ಬರೆದು ಮುಚ್ಚಿದೆ. ಅವನು ಏಳಲು ಎಡಗೈ ಊರಿದ.

ನಾನು ಅವನ ಬಲಗೈಯನ್ನು ಬಿಡಲಿಲ್ಲ. ಇನ್ನಷ್ಟು ಜೆಲ್ ಹಚ್ಚಿ, ಗಡಿಯಾರವನ್ನು ಮತ್ತೆ ಎಂಟಕ್ಕೆ ತಿರುಗಿಸಿ, ತಲೆಯನ್ನು ಮಣಿಕಟ್ಟಿನ ಮೇಲಿಟ್ಟೆ. “ಇದು ಆ ಬೆಳಗಿನದು” ಎಂದೆ.

ಅವನು ಗಡಿಯಾರ ನೋಡಿದ. ನನ್ನನ್ನು ನೋಡಿದ. ಊರಿದ ಕೈ ಹಿಂದೆ ತೆಗೆದು, ಕುರ್ಚಿಗೆ ಒರಗಿ ಕುಳಿತ.